ಟೆಕ್ಸಸ್ಸಿನ ದನದ ಸೀಮೆ, ನೂರು ವರ್ಷಗಳ ಹಿಂದೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೆಯಲ್ಲಿ ತುಮಕೂರು ಸೀಮೆಯ ಅಮೃತಮಹಲ್ ಕಾವಲುಗಳ ಬಗ್ಗೆ ಉತ್ತರಿಸುವಾಗ, ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ದನ ಸಾಕುವ ವಿಶಾಲ ಆಸ್ತಿಗಳಾದ ರ‍್ಯಾಂಚುಗಳ ಹೆಸರನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೆ. ಆ ವಾಕ್ಯವನ್ನೇ ಹಿಡಿದು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಇಷ್ಟೊಂದು ಪತ್ರಗಳು ಬರುತ್ತವೆ ಎಂದು ನಾನು ಎಣಿಸಿರಲಿಲ್ಲ. ಮಳೆ ಕಡಿಮೆ, ದನ ಹೆಚ್ಚು, ಮೇವಿನ ಚಿಂತೆ ವರ್ಷವಿಡೀ ಇರುವ ಈ ಮೂರು ಜಿಲ್ಲೆಗಳ ಓದುಗರಿಗೆ ಆ ದೂರದ ಸೀಮೆಯ ಬದುಕು ಕುತೂಹಲ ಹುಟ್ಟಿಸಿದ್ದು ಸಹಜವೇ. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿ ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ (ನಿವೃತ್ತ ಶಿಕ್ಷಕರೊಬ್ಬರು, ಚಿಕ್ಕನಾಯಕನಹಳ್ಳಿ): ರ‍್ಯಾಂಚ್ ಎಂದರೆ ನಮ್ಮ ಕಾವಲು ಎಂದೇ ತಿಳಿಯಬಹುದೇ? ಅದನ್ನು ನಂಬಿ ಬದುಕುತ್ತಿದ್ದ ಊರು ಹೇಗಿರುತ್ತಿತ್ತು?

ಉತ್ತರ: ಮೇಷ್ಟ್ರೇ, ಹುಲ್ಲಿನ ಮಟ್ಟಿಗೆ ನಿಮ್ಮ ಹೋಲಿಕೆ ಸರಿ, ಒಡೆತನದ ಮಟ್ಟಿಗೆ ಸರಿಹೋಗುವುದಿಲ್ಲ. ನಮ್ಮ ಕಾವಲುಗಳು ಅರಮನೆಯ ಸೊತ್ತಾಗಿದ್ದವು. ಮೈಸೂರು ಒಡೆಯರ ದನಗಳ ಇಲಾಖೆಯಾಗಿದ್ದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆಯಿತು. ಅಲ್ಲಿ ಬೆಳೆದ ಎತ್ತುಗಳು ಸೈನ್ಯದ ಸಾಮಾನನ್ನೂ ಫಿರಂಗಿಗಳನ್ನೂ ಎಳೆದವು. ಟೆಕ್ಸಸ್ಸಿನ ರ‍್ಯಾಂಚು ಒಂದು ಮನೆತನದ ಅಥವಾ ಕಂಪನಿಯ ಖಾಸಗಿ ಆಸ್ತಿ. ಅಲ್ಲಿ ದನ ಸಾಕುತ್ತಿದ್ದದ್ದು ಉಳುಮೆಗಲ್ಲ, ಹಾಲಿಗೂ ಅಲ್ಲ, ಮಾಂಸದ ಮಾರುಕಟ್ಟೆಗೆ. ಸಾವಿರಾರು ಹಸುಗಳಿದ್ದ ರ‍್ಯಾಂಚಿನ ಅಡುಗೆ ಬಂಡಿಯಲ್ಲಿ ಡಬ್ಬಿ ಹಾಲು ಬಳಸುತ್ತಿದ್ದರು ಎಂಬ ಸಂಗತಿ ನಮ್ಮವರಿಗೆ ನಂಬಲು ಕಷ್ಟವಾದರೂ ನಿಜ. ಬಯಲಿನಲ್ಲಿ ಬಿಟ್ಟು ಬೆಳೆಸಿದ ಆ ಹಸುಗಳ ಹಾಲೆಲ್ಲ ಕರುಗಳ ಪಾಲಾಗಿತ್ತು, ಮನುಷ್ಯರನ್ನು ಅವು ಕೆಚ್ಚಲ ಬಳಿಗೆ ಸೇರಿಸುತ್ತಿರಲಿಲ್ಲ.

ವಿಸ್ತಾರವನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಆಸ್ಟಿನ್ ನಗರದಲ್ಲಿ 1888ರಲ್ಲಿ ಮುಗಿದ ಟೆಕ್ಸಸ್ ಶಾಸನಸಭೆಯ ಕಟ್ಟಡಕ್ಕೆ ಸರ್ಕಾರದ ಬಳಿ ಹಣವಿರಲಿಲ್ಲವಾದ್ದರಿಂದ, ಕಟ್ಟಿಸಿಕೊಟ್ಟ ಷಿಕಾಗೊ ಬಂಡವಾಳಗಾರರಿಗೆ ರಾಜ್ಯದ ಉತ್ತರದ ತುದಿಯಲ್ಲಿ ಸುಮಾರು 30 ಲಕ್ಷ ಎಕರೆ ಹುಲ್ಲುಗಾವಲನ್ನು ಬಿಟ್ಟುಕೊಟ್ಟಿತು. ಅದೇ ಎಕ್ಸ್‌ಐಟಿ ರ‍್ಯಾಂಚು. ಚದರ ಕಿಲೋಮೀಟರಿನಲ್ಲಿ 12,000ಕ್ಕೂ ಹೆಚ್ಚು. ಹತ್ತು ತಾಲ್ಲೂಕುಗಳ ನಮ್ಮ ಇಡೀ ತುಮಕೂರು ಜಿಲ್ಲೆ ಸುಮಾರು 10,600. ಒಂದು ಕಂಪನಿಯ ಬೇಲಿಯೊಳಗೆ ಒಂದು ಜಿಲ್ಲೆ ಹಿಡಿಸಿ ಇನ್ನೂ ಜಾಗ ಮಿಗುತ್ತಿತ್ತು.

ಇನ್ನು ಊರು. ರೈಲು ಬಂದ ಕಡೆ ಊರು ಹುಟ್ಟುತ್ತಿತ್ತು. ಕಿಂಗ್ ಮನೆತನದ ಹೆಸರಾಂತ ರ‍್ಯಾಂಚಿನ ಪಕ್ಕದ ಕಿಂಗ್ಸ್‌ವಿಲ್ ಪಟ್ಟಣ 1904ರಲ್ಲಿ ರೈಲಿನೊಂದಿಗೇ ಹುಟ್ಟಿತು. ನಿಲ್ದಾಣದ ಪಕ್ಕದಲ್ಲಿ ದನಗಳನ್ನು ಕೂಡಿ ರೈಲಿನ ಡಬ್ಬಿಗೆ ಹತ್ತಿಸುವ ಮರದ ದೊಡ್ಡಿಗಳು, ಅದರಿಂದಾಚೆ ಕುದುರೆಗಳನ್ನು ಬಿಟ್ಟುಹೋಗುವ ಲಾಯ, ಲಾಳ ಹೊಡೆಯುವ ಕಮ್ಮಾರನ ಸಾಲೆ, ಜೀನು ಹೊಲಿಯುವವನ ಅಂಗಡಿ, ಬ್ಯಾಂಕು, ಚರ್ಚು, ಶಾಲೆ. ಊರು ಜಿಲ್ಲಾ ಕೇಂದ್ರವಾಗಿದ್ದರೆ ನಡುವೆ ಒಂದು ನ್ಯಾಯಾಲಯ. ಹಿಟ್ಟು, ಕಾಫಿ, ಮೊಳೆ, ಸೀಮೆಎಣ್ಣೆ, ಬಟ್ಟೆ ಎಲ್ಲವೂ ಸಿಗುವ ದಿನಸಿ ಅಂಗಡಿ ಆ ಊರಿನ ಜೀವನಾಡಿಯಾಗಿತ್ತು. ರ‍್ಯಾಂಚಿನವರು ವರ್ಷದ ಬಹುಭಾಗ ಸಾಲದ ಲೆಕ್ಕ ಬರೆಸಿ ಸಾಮಾನು ಒಯ್ದು, ದನ ಮಾರಿದ ಮೇಲೆ ತೀರಿಸುತ್ತಿದ್ದರು. ಸುಗ್ಗಿಗೆ ಕೊಡುತ್ತೇನೆಂದು ಶೆಟ್ಟರ ಅಂಗಡಿಯಲ್ಲಿ ಬರೆಸಿದ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. 1903ರಲ್ಲಿ ಫೋರ್ಟ್ ವರ್ತ್ ನಗರದಲ್ಲಿ ಎರಡು ಭಾರೀ ಮಾಂಸ ಸಂಸ್ಕರಣಾ ಕಾರ್ಖಾನೆಗಳು ತೆರೆದ ಮೇಲಂತೂ ಟೆಕ್ಸಸ್ಸಿನ ಸಣ್ಣ ಊರುಗಳ ಭಾಗ್ಯ ಆ ನಗರದ ದನದ ಸಂತೆಯ ದರಕ್ಕೆ ಗಂಟುಬಿದ್ದಿತು.

ಪ್ರಶ್ನೆ (ಗುಬ್ಬಿಯ ಓದುಗರು): ಸಿನಿಮಾದಲ್ಲಿ ತೋರಿಸುವಂತೆ ಅಲ್ಲಿಯ ದನಗಾಹಿಗಳು ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡೇ ಬದುಕುತ್ತಿದ್ದರೇ?

ಉತ್ತರ: ಇಲ್ಲ. ಟೆಕ್ಸಸ್ಸಿನಲ್ಲಿ ಪಿಸ್ತೂಲು ಹೊತ್ತು ತಿರುಗುವುದಕ್ಕೆ 1871ರಲ್ಲೇ ಕಾನೂನಿನ ತಡೆ ಬಂದಿತ್ತು. ಎಕ್ಸ್‌ಐಟಿ ರ‍್ಯಾಂಚಂತೂ ತನ್ನ ಆಳುಗಳಿಗೆ ಪಿಸ್ತೂಲು, ಮದ್ಯ, ಜೂಜು ಮೂರನ್ನೂ ನಿಷೇಧಿಸಿತ್ತು. ಸಾವಿರಾರು ದನಗಳನ್ನು ತಿಂಗಳುಗಟ್ಟಲೆ ಉತ್ತರಕ್ಕೆ ನಡೆಸಿಕೊಂಡು ಹೋಗುವ ಕಾಲವೂ ಮುಳ್ಳುತಂತಿ ಮತ್ತು ರೈಲಿನಿಂದಾಗಿ ಹತ್ತೊಂಬತ್ತನೆಯ ಶತಮಾನದೊಳಗೇ ಮುಗಿದಿತ್ತು. ಜೋಸೆಫ್ ಗ್ಲಿಡನ್ ಎಂಬ ಇಲಿನಾಯ್ ರಾಜ್ಯದ ರೈತ 1874ರಲ್ಲಿ ಪೇಟೆಂಟ್ ಪಡೆದ ಆ ಮುಳ್ಳುತಂತಿ, ಕುದುರೆಯ ಮೇಲಿನ ದನಗಾಹಿಯ ಅರ್ಧ ದಿನಗಳನ್ನು ಬೇಲಿ ಕಾಯುವ ಕೆಲಸವಾಗಿ ಮಾರ್ಪಡಿಸಿತು. ಮೈಲಿಗಟ್ಟಲೆ ಬೇಲಿಯ ಗುಂಟ ಸಾಗುತ್ತ, ಸಡಿಲವಾದ ತಂತಿ ಬಿಗಿದು, ಬಿದ್ದ ಗೂಟ ನೆಟ್ಟು, ಕೆಸರಿನಲ್ಲಿ ಹೂತ ಹಸುವನ್ನು ಹಗ್ಗ ಕಟ್ಟಿ ಎಳೆದು, ಹುಳ ಬಿದ್ದ ಗಾಯಕ್ಕೆ ಔಷಧಿ ಹಚ್ಚಿ ಹಿಂತಿರುಗುವುದು ಅವನ ದಿನಚರಿ.

ವಸಂತದಲ್ಲೊಮ್ಮೆ, ಚಳಿಗಾಲಕ್ಕೆ ಮುಂಚೆ ಒಮ್ಮೆ ಇಡೀ ಮಂದೆಯನ್ನು ಒಟ್ಟುಗೂಡಿಸುತ್ತಿದ್ದರು. ಆಗ ಕರುಗಳಿಗೆ ಕುಣಿಕೆ ಎಸೆದು ಕೆಡವಿ, ಕಾದ ಕಬ್ಬಿಣದಿಂದ ಒಡೆಯನ ಮುದ್ರೆ ಒತ್ತಿ, ಕಿವಿಯಲ್ಲಿ ಗುರುತು ಕತ್ತರಿಸಿ, ಹೋರಿಗರುಗಳ ಬೀಜ ತೆಗೆಯುತ್ತಿದ್ದರು. ಆ ಮುದ್ರೆಯನ್ನು ಜಿಲ್ಲಾ ಕಚೇರಿಯ ಪುಸ್ತಕದಲ್ಲಿ ನೋಂದಾಯಿಸಬೇಕಿತ್ತು. ನೋಂದಣಿಯಾದ ಮುದ್ರೆಯೇ ದನದ ಹಕ್ಕುಪತ್ರ. ಬೆಳಗಿನ ಜಾವಕ್ಕೆ ಎದ್ದು, ಕಪ್ಪು ಕಾಫಿ, ಎರಕದ ಕಬ್ಬಿಣದ ಪಾತ್ರೆಯಲ್ಲಿ ಕೆಂಡದ ಮೇಲೆ ಸುಟ್ಟ ಹುಳಿಹಿಟ್ಟಿನ ರೊಟ್ಟಿ, ನಮ್ಮ ರಾಜ್ಮಾ ಜಾತಿಯ ಪಿಂಟೋ ಕಾಳು, ಮಾಂಸ ಇಷ್ಟನ್ನು ತಿಂದು ದುಡಿದವನಿಗೆ ತಿಂಗಳಿಗೆ 30ರಿಂದ 40 ಡಾಲರ್ ಸಂಬಳ. ಈ ಕೂಲಿ ಸಾಲದೆಂದು 1883ರಲ್ಲೇ ಉತ್ತರ ಟೆಕ್ಸಸ್ಸಿನ ದನಗಾಹಿಗಳು 50 ಡಾಲರ್ ಕೇಳಿ ಮುಷ್ಕರ ಹೂಡಿ ಸೋತಿದ್ದರು.

ಸಿನಿಮಾ ಮರೆಮಾಡಿದ ಇನ್ನೊಂದು ಸಂಗತಿಯನ್ನು ಹೇಳದೆ ಈ ಉತ್ತರ ಮುಗಿಸಲಾರೆ. ಆ ದನಗಾಹಿಗಳಲ್ಲಿ ಬಹಳ ಮಂದಿ ಮೆಕ್ಸಿಕನ್ನರು ಮತ್ತು ಕರಿಯರು. ರ‍್ಯಾಂಚ್ ಎಂಬ ಮಾತೇ ಸ್ಪ್ಯಾನಿಷ್ ಭಾಷೆಯ ರಾಂಚೋ; ಲ್ಯಾಸೊ, ರೋಡಿಯೋ, ಕೊರಾಲ್ ಎಂಬ ಮಾತುಗಳೂ ಅಲ್ಲಿಂದ ಬಂದವೇ. ಕೆಲಸ ಕಲಿಸಿದವರು ಅವರು, ಆದರೆ ಊರಿನಲ್ಲಿ ಅವರ ಮನೆಗಳು ರೈಲುಹಳಿಯ ಆಚೆ. ಕರಿಯರ ಮಕ್ಕಳಿಗೆ ಬೇರೆ ಶಾಲೆ ಎಂದು ರಾಜ್ಯದ ಸಂವಿಧಾನದಲ್ಲೇ ಬರೆದಿತ್ತು, ಮೆಕ್ಸಿಕನ್ ಮಕ್ಕಳನ್ನು ಅನೇಕ ಊರುಗಳಲ್ಲಿ ರೂಢಿಯಿಂದಲೇ ದೂರ ಕೂರಿಸುತ್ತಿದ್ದರು, 1902ರಲ್ಲಿ ಮತದಾನಕ್ಕೆ ತಲೆಗಂದಾಯ ವಿಧಿಸಿ ಬಡವರ ಓಟನ್ನೂ ಕಿತ್ತುಕೊಂಡರು. ಊರಾಚೆಯ ಕೇರಿಯನ್ನು ಕಂಡ ನಾವು ಇದನ್ನು ಪರದೇಶದ ಕಥೆಯೆಂದು ಓದಿ ಬಿಡುವಂತಿಲ್ಲ.

ಪ್ರಶ್ನೆ (ಶಿರಾದ ರೈತರೊಬ್ಬರು): ಕೆರೆಯಿಲ್ಲ, ಹೊಳೆ ದೂರ ಎಂದಮೇಲೆ ಅಷ್ಟು ದನಗಳಿಗೆ ನೀರು ಹೇಗೆ?

ಉತ್ತರ: ಗಾಳಿಯಂತ್ರದಿಂದ. ಅಮೆರಿಕದಲ್ಲಿ ಡ್ಯಾನಿಯಲ್ ಹ್ಯಾಲಡೆ ಎಂಬಾತ 1854ರಲ್ಲಿ ಪೇಟೆಂಟ್ ಪಡೆದ, ಗಾಳಿಯ ದಿಕ್ಕಿಗೆ ತಾನೇ ತಿರುಗುವ ಯಂತ್ರ ಇದರ ಮೂಲ. 1888ರಿಂದ ಏರ್‌ಮೋಟರ್ ಎಂಬ ಕಂಪನಿಯ ಉಕ್ಕಿನ ಯಂತ್ರಗಳು ಬಂದವು. ಎತ್ತರದ ಗೋಪುರದ ಮೇಲೆ ರೆಕ್ಕೆಯ ಚಕ್ರ ಸುತ್ತಿದಾಗ ಕೆಳಗಿನ ಕೊಳವೆಯಲ್ಲಿ ಒಂದು ಸರಳು ಮೇಲೆ ಕೆಳಗೆ ಆಡುತ್ತದೆ, ಸರಳಿನ ತುದಿಯ ಚರ್ಮದ ವಾಷರುಗಳು ನೀರನ್ನು ಸ್ವಲ್ಪಸ್ವಲ್ಪವಾಗಿ ಮೇಲಕ್ಕೆತ್ತಿ ತೊಟ್ಟಿಗೆ ಸುರಿಯುತ್ತವೆ. ಬಿರುಗಾಳಿ ಬೀಸಿದರೆ ಹಿಂದಿನ ಬಾಲ ಮಡಚಿಕೊಂಡು ಚಕ್ರವನ್ನು ಗಾಳಿಯಿಂದ ಓರೆ ಮಾಡುತ್ತದೆ. ಕಪಿಲೆಯಲ್ಲಿ ಎತ್ತು ಹಿಂದೆ ಮುಂದೆ ನಡೆದಂತೆ ಇಲ್ಲಿ ಗಾಳಿ ದುಡಿಯುತ್ತದೆ, ಹಗಲೂ ರಾತ್ರಿ.

ದನ ನೀರನ್ನು ಬಿಟ್ಟು ಬಹಳ ದೂರ ಹೋಗಿ ಮೇಯುವುದಿಲ್ಲ. ಆದ್ದರಿಂದ ನೀರಿಲ್ಲದ ಕಡೆ ಮೊಣಕಾಲುದ್ದ ಹುಲ್ಲಿದ್ದರೂ ವ್ಯರ್ಥ. ಎಕ್ಸ್‌ಐಟಿ ರ‍್ಯಾಂಚು ಇದನ್ನರಿತು ತನ್ನ ಬಯಲಿನಲ್ಲಿ 300ಕ್ಕೂ ಹೆಚ್ಚು ಗಾಳಿಯಂತ್ರಗಳನ್ನು ನಿಲ್ಲಿಸಿತ್ತು. ಅವುಗಳ ಆರೈಕೆಗೆಂದೇ ಇದ್ದ ಆಳು ಬಂಡಿಯಲ್ಲಿ ಒಂದರಿಂದ ಇನ್ನೊಂದಕ್ಕೆ ಸಾಗುತ್ತ, ಗೋಪುರ ಹತ್ತಿ ಎಣ್ಣೆ ಬಿಡುತ್ತ, ಸವೆದ ವಾಷರಿಗಾಗಿ ಇಡೀ ಸರಳನ್ನು ಹೊರಗೆಳೆಯುತ್ತ ಬದುಕು ಸವೆಸುತ್ತಿದ್ದ. 1915ರಲ್ಲಿ ತನ್ನ ಎಣ್ಣೆಯಲ್ಲಿ ತಾನೇ ಮುಳುಗಿ ತಿರುಗುವ ಮಾದರಿ ಬಂದಾಗ, ಒಮ್ಮೆ ಎಣ್ಣೆ ತುಂಬಿದರೆ ವರ್ಷವಿಡೀ ಸಾಕಾಯಿತು. ಅನೇಕ ಹುಡುಗರ ಜೀವ ಉಳಿಸಿದ ಬದಲಾವಣೆಯಿದು ಎಂದೇ ನಾನು ತಿಳಿಯುತ್ತೇನೆ, ಏಕೆಂದರೆ ಗಾಳಿಯಲ್ಲಿ ಆ ಗೋಪುರ ಹತ್ತುವುದು ಅಪಾಯದ ಕೆಲಸ. ನಿಮ್ಮಂಥ ಕೊಳವೆ ಬಾವಿಯ ರೈತರು ಒಂದು ಮಾತನ್ನು ಗಮನಿಸಬೇಕು: ಗಾಳಿಯಂತ್ರ ಎತ್ತುತ್ತಿದ್ದದ್ದು ಅತಿ ಕಡಿಮೆ ನೀರು. ಅದೇ ನೆಲದಡಿಯ ಒಗಲಾಲ ಜಲಭಂಡಾರಕ್ಕೆ ಮುಂದೆ ಎಂಜಿನ್ ಪಂಪುಗಳನ್ನು ಇಳಿಸಿ ಬೇಸಾಯ ಆರಂಭಿಸಿದ ಮೇಲೆಯೇ ಅಲ್ಲಿಯ ಬಾವಿಗಳು ಆಳಕ್ಕೆ ಇಳಿಯತೊಡಗಿದವು.

ಪ್ರಶ್ನೆ (ಹೈನುಗಾರಿಕೆ ಮಾಡುವ ಮಹಿಳೆಯೊಬ್ಬರು, ಚಿಂತಾಮಣಿ): ಮಗನ ಮನೆಗೆಂದು ಟೆಕ್ಸಸ್ಸಿಗೆ ಹೋದಾಗ ಹಿಣಿಲು, ಗಂಗೆದೊಗಲು ಇರುವ ಬಿಳಿಯ ಗೂಳಿಯನ್ನು ಕಂಡು ಬೆರಗಾದೆ. ನಮ್ಮ ಕಡೆಯ ದನ ಅಲ್ಲಿಗೆ ಹೇಗೆ ಹೋಯಿತು?

ಉತ್ತರ: ಅಮ್ಮಾ, ನಿಮ್ಮ ಕಣ್ಣು ಸರಿಯಾಗಿಯೇ ಗುರುತಿಸಿದೆ. ಆ ದನವನ್ನು ಅಲ್ಲಿ ಅಮೆರಿಕನ್ ಬ್ರಾಹ್ಮನ್ ತಳಿ ಎನ್ನುತ್ತಾರೆ. ಅದರ ಮೂಲ ಪೂರ್ತಿಯಾಗಿ ಭಾರತದ್ದು: ಗುಜರಾತಿನ ಗಿರ್ ಮತ್ತು ಕಾಂಕ್ರೇಜ್, ಆಂಧ್ರದ ಓಂಗೋಲ್, ಇವುಗಳ ಜೊತೆಗೆ ಸ್ವಲ್ಪ ಮಟ್ಟಿಗೆ ನಮ್ಮ ಉತ್ತರ ಕರ್ನಾಟಕದ ಕೃಷ್ಣಾ ಕಣಿವೆಯ ದನ. ಕೃಷ್ಣಾ ಕಣಿವೆಯ ತಳಿಯಲ್ಲಿ ಮೈಸೂರು ಸೀಮೆಯ ದನಗಳ ರಕ್ತವೂ ಬೆರೆತಿದೆ ಎಂದು ಪಶುತಜ್ಞರು ಹೇಳುತ್ತಾರೆ. ಹಾಗಿದ್ದರೆ ಮೈಸೂರು ಸೀಮೆಯ ತಳಿಯಾದ ನಮ್ಮ ಹಳ್ಳಿಕಾರಿನ ದೂರದ ನೆಂಟಸ್ತಿಕೆಯೊಂದು ಅಲ್ಲಿಯವರೆಗೆ ತಲುಪಿದಂತಾಯಿತು.

ಹೋದ ಕಾರಣ ಉಣುಗು. ನಿಮ್ಮ ಕೊಟ್ಟಿಗೆಯ ಎಚ್‌ಎಫ್ ಹಸುವಿಗೆ ಉಣುಗು ಹತ್ತಿ ಜ್ವರ ಬಂದು, ಮೂತ್ರ ಕೆಂಪಾಗಿ, ಹಾಲು ಒಮ್ಮೆಲೇ ಇಳಿದುಹೋದ ಅನುಭವ ಕೋಲಾರ ಚಿಕ್ಕಬಳ್ಳಾಪುರ ಸೀಮೆಯ ಹಾಲು ಉತ್ಪಾದಕರಿಗೆ ಹೊಸದಲ್ಲ. ಅದೇ ಕಾಯಿಲೆಗೆ ಅಮೆರಿಕದಲ್ಲಿ ಟೆಕ್ಸಸ್ ಜ್ವರ ಎಂದು ಹೆಸರು. ಟೆಕ್ಸಸ್ಸಿನ ದಕ್ಷಿಣದ ದನಗಳಿಗೆ ಎಳೆತನದಲ್ಲೇ ಅದು ತಗುಲಿ ತಡೆಶಕ್ತಿ ಬಂದಿರುತ್ತಿತ್ತು. ಅವು ನಡೆದ ದಾರಿಯಲ್ಲಿ ಮೇಯ್ದ ಉತ್ತರದ ದನಗಳು ಮಾತ್ರ ಹಿಂಡುಹಿಂಡಾಗಿ ಸಾಯುತ್ತಿದ್ದವು. ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬ ವಿಜ್ಞಾನಿಗಳು 1893ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ರಕ್ತದ ಕಣಗಳೊಳಗೆ ಸೇರುವ ಸೂಕ್ಷ್ಮಜೀವಿಯನ್ನು ಉಣುಗು ಹರಡುತ್ತದೆ ಎಂದು ತೋರಿಸಿಕೊಟ್ಟರು. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯೊಳಗೆ ಮಲೇರಿಯಾ ಜೀವಿಯನ್ನು ಕಂಡದ್ದು ಇದಾದ ನಾಲ್ಕು ವರ್ಷಗಳ ಮೇಲೆ, 1897ರಲ್ಲಿ.

1906ರಲ್ಲಿ ಸರ್ಕಾರ ಉಣುಗು ನಿರ್ಮೂಲನಕ್ಕೆ ಕೈಹಾಕಿತು. ನೆಲದಲ್ಲಿ ಉದ್ದನೆಯ ಕಾಲುವೆಯಂಥ ತೊಟ್ಟಿ ತೋಡಿ, ಶಂಖಪಾಷಾಣವೆಂಬ ವಿಷ ಬೆರೆಸಿದ ನೀರು ತುಂಬಿ, ದನಗಳನ್ನು ಒಂದು ತುದಿಯಿಂದ ದುಮುಕಿಸಿ ಇನ್ನೊಂದು ತುದಿಗೆ ಈಜಿಸುತ್ತಿದ್ದರು. ಎರಡು ಮೂರು ವಾರಕ್ಕೊಮ್ಮೆ ಮಂದೆಯನ್ನೆಲ್ಲ ಹೀಗೆ ಅದ್ದಬೇಕೆಂಬ ಕಟ್ಟಳೆ ಬಂದಾಗ ಸಣ್ಣ ರೈತರು ಸಿಟ್ಟಾಗಿ, ದಕ್ಷಿಣದ ಕೆಲವೆಡೆ ತೊಟ್ಟಿಗಳಿಗೆ ಸಿಡಿಮದ್ದು ಇಟ್ಟದ್ದೂ ಉಂಟು. ಇದೇ ಹೊತ್ತಿಗೆ, 1905 ಮತ್ತು 1906ರಲ್ಲಿ, ಟೆಕ್ಸಸ್ ಕರಾವಳಿಯ ಪಿಯರ್ಸ್ ಮತ್ತು ಓಕಾನರ್ ರ‍್ಯಾಂಚುಗಳವರು ಭಾರತದಿಂದ 30 ಗೂಳಿಗಳನ್ನೂ 3 ಹಸುಗಳನ್ನೂ ತರಿಸಿಕೊಂಡರು. ನಮ್ಮ ದನದ ತೆಳುರೋಮದ ಸಡಿಲ ಚರ್ಮಕ್ಕೆ ಉಣುಗು ಸುಲಭವಾಗಿ ಅಂಟುವುದಿಲ್ಲ, ಬಿಸಿಲಿಗೂ ಅವು ಬಾಡುವುದಿಲ್ಲ ಎಂಬುದು ಅವರ ಎಣಿಕೆ. ಎಣಿಕೆ ಸುಳ್ಳಾಗಲಿಲ್ಲ. ಕಿಂಗ್ ರ‍್ಯಾಂಚಿನಲ್ಲಿ ಈ ಸಂತತಿಯ ಗೂಳಿಗಳನ್ನು ಶಾರ್ಟ್‌ಹಾರ್ನ್ ಹಸುಗಳಿಗೆ ಕೂಡಿಸಿ, 1920ರಲ್ಲಿ ಹುಟ್ಟಿದ ಒಂದು ಕೆಂಪು ಹೋರಿಗರುವಿನ ಸಂತತಿಯಿಂದ ಸಾಂತಾ ಗೆರ್‌ಟ್ರೂಡಿಸ್ ಎಂಬ ಹೊಸ ತಳಿಯನ್ನೇ ಕಟ್ಟಿದರು. 1940ರಲ್ಲಿ ಅದಕ್ಕೆ ಸರ್ಕಾರದ ಮನ್ನಣೆ ಸಿಕ್ಕಿತು. ಅವರು ನಮ್ಮ ದನದ ಗುಣವನ್ನು ಅಳೆದು ತೂಗಿ ಹಡಗಿನಲ್ಲಿ ಒಯ್ದರು. ನಮ್ಮ ಊರುಗಳಲ್ಲೋ, ಹಳ್ಳಿಕಾರ್ ಜೋಡಿಗಳು ಸಿದ್ಧಗಂಗೆಯ ಜಾತ್ರೆಯಲ್ಲಷ್ಟೇ ಕಣ್ಣಿಗೆ ಬೀಳುವ ಸ್ಥಿತಿ ಬಂದಿದೆ. ಇದನ್ನು ಬರೆಯುವಾಗ ನನಗೆ ನೋವಾಗುತ್ತದೆ.

ಪ್ರಶ್ನೆ (ಪದವಿ ವಿದ್ಯಾರ್ಥಿ, ಚಿಕ್ಕಬಳ್ಳಾಪುರ): ಬೇಲಿಯ ತಂತಿಯಲ್ಲೇ ದೂರವಾಣಿ ನಡೆಯುತ್ತಿತ್ತು ಎಂದು ಕೇಳಿದ್ದೇನೆ. ಸಾಧ್ಯವೇ?

ಉತ್ತರ: ಸಾಧ್ಯವಿತ್ತು, ನಡೆದೂ ನಡೆಯಿತು. ದೂರವಾಣಿಯ ಪೇಟೆಂಟ್ ಪಡೆದಿದ್ದ ಬೆಲ್‌ ಅವರ ಮೂಲ ಪೇಟೆಂಟುಗಳ ಅವಧಿ 1893, 1894ರಲ್ಲಿ ಮುಗಿದಾಗ ಅಗ್ಗದ ದೂರವಾಣಿ ಪೆಟ್ಟಿಗೆಗಳು ಮಾರುಕಟ್ಟೆಗೆ ಬಂದವು. ಆದರೆ ಹತ್ತು ಮೈಲಿಗೊಂದು ಮನೆಯಿರುವ ಬಯಲಿಗೆ ಯಾವ ಕಂಪನಿಯೂ ಕಂಬ ನೆಡಲು ಒಪ್ಪುವಂತಿರಲಿಲ್ಲ. ಬೇಲಿಯಾದರೋ ಆಗಲೇ ಮನೆಯಿಂದ ಮನೆಗೆ ಹರಿದಿತ್ತು. ರ‍್ಯಾಂಚಿನವರು ಅದರ ಮೇಲಿನ ತಂತಿಗೆ ಪೆಟ್ಟಿಗೆಯನ್ನು ಜೋಡಿಸಿದರು. ಮಾತಿಗೆ ಒಣ ಬ್ಯಾಟರಿ, ಗಂಟೆ ಬಾರಿಸಲು ಕೈಯಿಂದ ತಿರುಗಿಸಿ ವಿದ್ಯುತ್ತು ಹುಟ್ಟಿಸುವ ಮ್ಯಾಗ್ನೆಟೊ. ತಂತಿ ಗೂಟಕ್ಕೆ ತಾಗಿ ವಿದ್ಯುತ್ತು ನೆಲಕ್ಕೆ ಇಳಿಯದಂತೆ ಒಡೆದ ಸೀಸೆಯ ಕತ್ತು, ತೊಗಲಿನ ತುಂಡುಗಳನ್ನು ನಡುವೆ ಸಿಕ್ಕಿಸುತ್ತಿದ್ದರು. ಬಾಗಿಲು ಬಂದ ಕಡೆ ಎರಡು ಎತ್ತರದ ಗಳು ನೆಟ್ಟು ತಂತಿಯನ್ನು ಮೇಲಿಂದ ದಾಟಿಸುತ್ತಿದ್ದರು.

ಒಂದು ಮನೆಗೆ ಗಂಟೆ ಬಾರಿಸಿದರೆ ಸಾಲಿನ ಎಲ್ಲ ಮನೆಗಳಲ್ಲೂ ಬಾರಿಸುತ್ತಿತ್ತು. ಎರಡು ಉದ್ದ ಒಂದು ಗಿಡ್ಡ ಎಂದರೆ ಇಂಥವರ ಮನೆ ಎಂದು ಗುರುತು ಇಟ್ಟುಕೊಂಡಿದ್ದರೂ, ಬೇಸರದ ಸಂಜೆಗಳಲ್ಲಿ ಎಲ್ಲರೂ ಕೇಳುಕೊಳವೆ ಎತ್ತಿ ಆಲಿಸುತ್ತಿದ್ದರು. ಹುಲ್ಲಿಗೆ ಬೆಂಕಿ ಬಿದ್ದರೆ, ಹೆರಿಗೆ ಕಷ್ಟವಾದರೆ ನಿಲ್ಲಿಸದೆ ಬಾರಿಸುವ ಗಂಟೆಗೆ ಊರೇ ಓಗೊಡುತ್ತಿತ್ತು. ಮಳೆ ಬಂದು ಗೂಟ ನೆನೆದರೆ ಮಾತು ನಿಂತುಹೋಗುತ್ತಿತ್ತು. ಮಳೆಗಾಗಿ ಕಾದು ಕುಳಿತವರಿಗೆ ಅದು ಬೇಸರದ ಸಂಗತಿಯಾಗಿರಲಾರದು.

ಪ್ರಶ್ನೆ (ಕೆಜಿಎಫ್‌ನ ಓದುಗರು): ಅಲ್ಲಿ ವಿದ್ಯುತ್ ದೀಪ ಯಾವಾಗ ಬಂತು?

ಉತ್ತರ: ಪಟ್ಟಣಗಳಲ್ಲಿ ಬೇಗ, ರ‍್ಯಾಂಚಿನ ಮನೆಗಳಿಗೆ ಬಹಳ ತಡವಾಗಿ. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ನಿಮ್ಮ ಚಿನ್ನದ ಗಣಿಗಳಿಗೆ ತಲುಪಿತ್ತು. ಅಮೆರಿಕದಲ್ಲಿ ಗ್ರಾಮೀಣ ವಿದ್ಯುದೀಕರಣದ ಕಾಯಿದೆ ಬಂದದ್ದೇ 1936ರಲ್ಲಿ. ಅಲ್ಲಿಯವರೆಗೆ ಆ ಬಯಲಿನ ಬಹುಪಾಲು ಮನೆಗಳಲ್ಲಿ ಸೀಮೆಎಣ್ಣೆ ದೀಪವೇ.

ಪ್ರಶ್ನೆ (ಗೃಹಿಣಿಯೊಬ್ಬರು, ಗೌರಿಬಿದನೂರು): ಎಲ್ಲ ವಿವರಗಳಲ್ಲೂ ಗಂಡಸರೇ ಕಾಣುತ್ತಾರೆ. ಹೆಂಗಸರ ಬದುಕು ಹೇಗಿತ್ತು?

ಉತ್ತರ: ತಾಯಿ, ಕೇಳಬೇಕಾದ್ದನ್ನೇ ಕೇಳಿದ್ದೀರಿ. ಗಾಳಿಯಂತ್ರದ ತೊಟ್ಟಿಯಿಂದ ನೀರು ಹೊತ್ತು ಕಾಯಿಸಿ, ಕೊಬ್ಬು ಮತ್ತು ಬೂದಿಯ ಕ್ಷಾರದಿಂದ ತಾವೇ ಮಾಡಿದ ಸಾಬೂನು ಹಚ್ಚಿ ದೂಳು ತುಂಬಿದ ಬಟ್ಟೆಗಳನ್ನು ಒಗೆಯುವುದಕ್ಕೆ ಒಂದು ಇಡೀ ದಿನ. ಇಸ್ತ್ರಿಗೆ ಇನ್ನೊಂದು ದಿನ. ಮನೆಮಂದಿಯಲ್ಲದೆ ಆಳುಗಳಿಗೂ ಅಡುಗೆ. ತೊಟ್ಟಿ ತುಂಬಿ ಹರಿದ ನೀರಿನ ಬುಡದಲ್ಲಿ ತರಕಾರಿ ಪಾತಿ. ಕೋಳಿ ಸಾಕಿ, ಮೊಟ್ಟೆಯನ್ನು ಅಂಗಡಿಗೆ ಕೊಟ್ಟು ಸಕ್ಕರೆ, ನೂಲು ತರುವುದು ಅವರ ಕೈಯ ಲೆಕ್ಕ. ಖಾಲಿ ಹಿಟ್ಟಿನ ಚೀಲಗಳಿಂದ ಮಕ್ಕಳ ಅಂಗಿ, ಹಳೆಯ ಬಟ್ಟೆಯ ತುಂಡುಗಳಿಂದ ಕೌದಿ. ನಮ್ಮ ಅಜ್ಜಿಯಂದಿರು ಹಳೆಯ ಸೀರೆಗಳನ್ನು ಪದರವಾಗಿ ಜೋಡಿಸಿ ಹೊಲಿದ ಕೌದಿಯನ್ನೇ ಅಲ್ಲಿಯ ಹೆಂಗಸರೂ ನಾಲ್ಕಾರು ಮಂದಿ ಸೇರಿ ಹೊಲಿಯುತ್ತಿದ್ದರು, ಮತ್ತು ಹೊಲಿಗೆಗಿಂತ ಹೆಚ್ಚಾಗಿ ಆ ಮಾತುಕತೆಗೆ ಕಾದಿರುತ್ತಿದ್ದರು. ನಮ್ಮ ಊರಿನಲ್ಲಿ ಬಾವಿಕಟ್ಟೆಯಾದರೂ ಇತ್ತು. ಅಲ್ಲಿ ನೆರೆಮನೆಯ ಹೊಗೆ ಕಾಣುವುದೇ ಅಪರೂಪ.

ಆಸ್ತಿಯ ಹೊಣೆ ಹೊತ್ತವರೂ ಇದ್ದರು. 1885ರಲ್ಲಿ ಗಂಡ ತೀರಿಕೊಂಡಾಗ ಭಾರೀ ಸಾಲದೊಂದಿಗೆ ಕಿಂಗ್ ರ‍್ಯಾಂಚು ಕೈಗೆ ಬಂದ ಹೆನ್ರಿಯೆಟಾ ಕಿಂಗ್, ಅಳಿಯ ರಾಬರ್ಟ್ ಕ್ಲೇಬರ್ಗ್ ಅವರ ಉಸ್ತುವಾರಿಯಲ್ಲಿ ಅದನ್ನು ಸಾಲದಿಂದ ಬಿಡಿಸಿ ವಿಸ್ತರಿಸಿದರು. 1925ರಲ್ಲಿ ಕಣ್ಣುಮುಚ್ಚುವವರೆಗೆ ಒಡತಿ ಅವರೇ. ಕಿಂಗ್ಸ್‌ವಿಲ್ಲಿನ ಚರ್ಚುಗಳಿಗೂ ಶಾಲೆಗೂ ಜಾಗ ಕೊಟ್ಟವರು ಅವರೇ. ಒಂದೇ ಕೋಣೆಯ ಶಾಲೆಗಳಲ್ಲಿ ಕಲಿಸುತ್ತಿದ್ದವರು ಹೆಚ್ಚಾಗಿ ಮದುವೆಯಾಗದ ಹುಡುಗಿಯರು, ಶಿಷ್ಯರ ಮನೆಗಳಲ್ಲೇ ಉಳಿದು ಊಟ ಮಾಡುತ್ತಿದ್ದರು. ಮಕ್ಕಳು ಶಾಲೆಗೆ ಬರಲೇಬೇಕೆಂಬ ಕಾನೂನು ಟೆಕ್ಸಸ್ಸಿನಲ್ಲಿ ಆದದ್ದು 1915ರಲ್ಲಿ. ಹೆಂಗಸರಿಗೆ, ಪಕ್ಷಗಳು ತಮ್ಮ ಅಭ್ಯರ್ಥಿಗಳನ್ನು ಆರಿಸುವ ಪ್ರಾಥಮಿಕ ಚುನಾವಣೆಯ ಮತ ಸಿಕ್ಕಿದ್ದು 1918ರಲ್ಲಿ.

ಪ್ರಶ್ನೆ (ಪಾವಗಡದ ಹಿರಿಯ ರೈತರು): ಬರ ಬಂದರೆ ಅವರೇನು ಮಾಡುತ್ತಿದ್ದರು? ನಮ್ಮ ಸೀಮೆಜಾಲಿ ಅಲ್ಲಿಂದಲೇ ಬಂದದ್ದು ಎನ್ನುತ್ತಾರಲ್ಲ, ಅದರ ಕಾಯಿಯನ್ನು ದನಕ್ಕೆ ಹಾಕಬಹುದೇ?

ಉತ್ತರ: ಯಜಮಾನರೇ, 1917 ಮತ್ತು 1918ರಲ್ಲಿ ಟೆಕ್ಸಸ್ಸಿನಲ್ಲಿ ಭೀಕರ ಬರ ಬಿತ್ತು. ಉಳ್ಳವರು ಹುಲ್ಲಿರುವ ರಾಜ್ಯಗಳಿಗೆ ರೈಲಿನಲ್ಲಿ ದನ ಸಾಗಿಸಿದರು, ಉಳಿದವರು ಬಂದ ಬೆಲೆಗೆ ಮಾರಿದರು. ದಕ್ಷಿಣ ಟೆಕ್ಸಸ್ಸಿನವರಿಗೆ ಆಸರೆಯಾದದ್ದು ಪಾಪಾಸುಕಳ್ಳಿ. ಉರಿಯುವ ಪಂಜನ್ನೋ, ಎಣ್ಣೆಯಿಂದ ಜ್ವಾಲೆ ಚಿಮ್ಮಿಸುವ ಕೊಳವೆಯನ್ನೋ ಹಿಡಿದು ಕಳ್ಳಿಯ ಮುಳ್ಳುಗಳನ್ನು ಸುಟ್ಟರೆ ದನಗಳು ಹಿಂದೆಯೇ ಬಂದು ತಿನ್ನುತ್ತಿದ್ದವು. ಅದರಲ್ಲಿ ನೀರೇ ಹೆಚ್ಚು, ಸಾರ ಕಡಿಮೆ. ಆದ್ದರಿಂದ ಜೊತೆಗೆ ಹತ್ತಿಬೀಜದ ಹಿಂಡಿ ಕೊಡುತ್ತಿದ್ದರು. ನಮ್ಮ ಬೇಲಿಗಳಲ್ಲಿ ತುಂಬಿದ್ದ ಪಾಪಾಸುಕಳ್ಳಿಯನ್ನು 1920ರ ದಶಕದಲ್ಲಿ ಬಂದ, ಅಮೆರಿಕ ಖಂಡದ ಮೂಲದ ಹಿಟ್ಟಿನಂಥ ಹುಳುವೊಂದು ಬಹುಮಟ್ಟಿಗೆ ನಾಶ ಮಾಡಿತು.

ಸೀಮೆಜಾಲಿ, ಅಂದರೆ ಬಳ್ಳಾರಿ ಜಾಲಿ, ಅಮೆರಿಕ ಖಂಡದ ಗಿಡ ಎಂಬುದು ನಿಜ. ಟೆಕ್ಸಸ್ಸಿನ ಮೆಸ್ಕೀಟ್ ಮರ ಅದರ ಹತ್ತಿರದ ಸೋದರ. ಅಲ್ಲಿಯೂ ದನಗಳು ಸಿಹಿಯಾದ ಕಾಯಿಗಳನ್ನು ತಿಂದು ಸಗಣಿಯಲ್ಲಿ ಬೀಜ ಬಿತ್ತಿದ್ದರಿಂದ, ಒಳ್ಳೆಯ ಹುಲ್ಲಿನ ಬಯಲುಗಳು ಮುಳ್ಳುಪೊದೆಗಳಾದವು. ಕಾಯಿ ದನಕ್ಕೆ ಮೇವಾಗುತ್ತದೆ, ಆದರೆ ಅದೊಂದನ್ನೇ ಬಹುದಿನ ತಿಂದರೆ ಹೊಟ್ಟೆ ಕಟ್ಟಿ, ಮೆಲುಕು ನಿಂತು ತೊಂದರೆಯಾಗುತ್ತದೆ. ಒಣಗಿಸಿ, ಬೀಜ ಸಹಿತ ಚೆನ್ನಾಗಿ ಪುಡಿ ಮಾಡಿಸಿ, ಒಟ್ಟು ಮೇವಿನ ಐದನೆಯ ಒಂದು ಪಾಲಿಗೆ ಮೀರದಂತೆ ರಾಗಿ ಹುಲ್ಲಿನ ಜೊತೆ ಕೊಡಿ. ಪುಡಿಯಾದ ಬೀಜ ಮೊಳೆಯುವುದಿಲ್ಲವಾದ್ದರಿಂದ ಗೊಬ್ಬರದ ಮೂಲಕ ನಿಮ್ಮ ಹೊಲದಲ್ಲಿ ಜಾಲಿ ಹಬ್ಬುವುದೂ ತಪ್ಪುತ್ತದೆ. ಆರಂಭಿಸುವ ಮುನ್ನ ನಿಮ್ಮ ಹೋಬಳಿಯ ಪಶುವೈದ್ಯರನ್ನು ಒಮ್ಮೆ ಕೇಳಿ.